ಕಂಡದ್ದು, ಕಟ್ಟಿದ್ದು

ನಮ್ಮ ನೆಂಟರ ಮನೆಗಳಲ್ಲಿ ಮದುವೆಗೋ ತೊಟ್ಟಿಲ ಕಾರ್ಯಕ್ಕೋ ಹೋದಾಗ ಯಾರಾದರೊಬ್ಬರು ನನ್ನ ಕಡೆ ಬೆರಳು ಮಾಡಿ, "ಈಕಿ ಇರಲಿಲ್ಲಂದ್ರ ಆ ಹುಡುಗ ಇವತ್ತು ಇರ್ತಿರಲಿಲ್ಲ" ಎನ್ನುತ್ತಾರೆ. ಹುಡುಗ ಎಂದರೆ ನನ್ನ ತಮ್ಮ. ನಾನು ಅವನ ಜೀವ ಉಳಿಸಿದೆ ಎಂದು ಎಲ್ಲರೂ ನಂಬಿದ್ದಾರೆ. ಆ ಮಾತು ಬಂದಾಗ ನಾನು ತಲೆ ತಗ್ಗಿಸಿ ಎಲೆಯ ತುದಿಯ ಉಪ್ಪು ನೋಡುತ್ತಾ ಕೂರುತ್ತೇನೆ. ದೊಡ್ಡ ಗುಣ, ಹೊಗಳಿಸಿಕೊಳ್ಳೋದು ಇಷ್ಟ ಇಲ್ಲ ಎಂದು ಅದಕ್ಕೂ ಹೊಗಳುತ್ತಾರೆ. ನಡೆದದ್ದೇನು ಎಂದು ಬರೆದುಬಿಟ್ಟರೆ ಮುಂದಿನ ಊಟವಾದರೂ ನೆಟ್ಟಗೆ ಗಂಟಲಲ್ಲಿ ಇಳಿದೀತು.

ನಾನು ಕುರುಗೋಡಿನಲ್ಲಿ ಆರನೇ ಕ್ಲಾಸಿನವರೆಗೆ ಓದಿದವಳು. ಅಪ್ಪ ತೀರಿಕೊಂಡ ಮೇಲೆ ಅವ್ವ ಮೆಣಸಿನಕಾಯಿ ಹೊಲಗಳಿಗೆ ಕೂಲಿ ಹೋಗತೊಡಗಿದಳು. ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಇರಬೇಕಾಯಿತು, ನಾನು ಉಳಿದೆ. ಅವನು ನನಗಿಂತ ಬಹಳ ಚಿಕ್ಕವನು. ಕತ್ತಲಾದರೆ ನನ್ನ ಲಂಗದ ಚುಂಗು ಹಿಡಿಯದೆ ಹಿತ್ತಲಿಗೂ ಬರುತ್ತಿರಲಿಲ್ಲ. ದೆವ್ವಕ್ಕೆ ಹೆದರುತ್ತಾನೆಂದು ನಾನು ನಗುತ್ತಿದ್ದೆ. "ಲೇ, ಗಂಡುಸಾಗಿ ಹುಟ್ಟೀಯೋ ಇಲ್ಲೋ" ಎಂದು ಕೈಬಿಡಿಸಿಕೊಂಡು ಓಡುತ್ತಿದ್ದೆ. ಅವನು ನಿಂತಲ್ಲೇ ನಿಂತು ಅಳುತ್ತಿದ್ದ.

ಮದುವೆಯಾಗಿ ಬಳ್ಳಾರಿಗೆ ಬಂದೆ. ಗಂಡ ಜೀನ್ಸ್ ಹೊಲಿಯುವ ಕಡೆ ಮಷಿನ್ನಿನ ಮೇಲೆ ಕೂರುತ್ತಿದ್ದರು. ನನಗೆ ಗಾಂಧಿನಗರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಗುಡಿಸಿ ಒರೆಸಲು ಸೇರಿದವಳು ಝೆರಾಕ್ಸ್ ಹೊಡೆಯುವುದು ಕಲಿತೆ, ಆಮೇಲೆ ಅರ್ಜಿಗಳನ್ನು ಕನ್ನಡದಲ್ಲಿ ಟೈಪ್ ಮಾಡುವುದು ಕಲಿತೆ. ಅದು ಗಣಿ ಜೋರಾಗಿದ್ದ ಕಾಲ. ಅದಿರಿನ ಪರ್ಮಿಟ್ ಕಾಗದ ಹಿಡಿದು ಲಾರಿಯವರು ಬೆಳಗ್ಗೆಯಿಂದಲೇ ಸಾಲು ನಿಲ್ಲುತ್ತಿದ್ದರು. ಅವರ ಬೆರಳಿನ ಕೆಂಪು ಧೂಳು ಕಾಗದಕ್ಕೆ ಹತ್ತಿ, ಕಾಗದದಿಂದ ಮಷಿನ್ನಿನ ಗಾಜಿಗೆ ಹತ್ತಿ, ಹೊಡೆದ ಪ್ರತಿಯೆಲ್ಲ ಮಚ್ಚೆ ಮಚ್ಚೆ ಬರುತ್ತಿತ್ತು. ನಿಮಿಷಕ್ಕೊಮ್ಮೆ ಗಾಜು ಒರೆಸುವುದೇ ನನ್ನ ಕೆಲಸ.

ಒಂದು ಮಧ್ಯಾಹ್ನ ಯಾರೋ ಗಿರಾಕಿ ಕಂಪ್ಯೂಟರಿನಲ್ಲಿ ತೆರೆದ ಪುಟ ಮುಚ್ಚದೆ ಹೋಗಿದ್ದರು. ನೋಡಿದರೆ ಪದ್ಯಗಳು. ಎಲ್ಲದರ ತಲೆಯ ಮೇಲೂ 'ಬಾಗಿಲು' ಎಂದೇ ಇತ್ತು. ಹತ್ತು ಊರಿನ ಹತ್ತು ಜನ ಒಂದೇ ಮಾತು ಹಿಡಿದು ಬರೆದಿದ್ದರು. ಮರುದಿನ ನೋಡಿದೆ, 'ಉಪ್ಪು' ಎಂದಿತ್ತು. ಅದೊಂದು ಬಳಗ. ಸಿರುಗುಪ್ಪದ ಕಾಲೇಜಿನಲ್ಲಿ ಕನ್ನಡ ಹೇಳುವ ಮೇಡಮ್ ಒಬ್ಬರು ದಿನಾ ಬೆಳಗ್ಗೆ ಒಂದು ಮಾತು ಹಾಕುತ್ತಿದ್ದರು. ಯಾರು ಬೇಕಾದರೂ ಅದರ ಮೇಲೆ ಪದ್ಯ ಬರೆದು ಹಾಕಬಹುದು. ಎರಡು ಕಟ್ಟಳೆ ಮಾತ್ರ. ನಿನ್ನ ಪದ್ಯ ಹಾಕುವ ಮೊದಲು ಬೇರೆಯವರ ಪದ್ಯದಲ್ಲಿ ನಿನಗೆ ಹಿಡಿಸಿದ ಒಂದು ಸಾಲನ್ನು ಹೇಳಬೇಕು. ಹಾಕಿದ ಮೇಲೆ ಪದ್ಯದ ಕೆಳಗೆ 'ಕಂಡದ್ದು' ಇಲ್ಲವೇ 'ಕಟ್ಟಿದ್ದು' ಎಂದು ಬರೆಯಬೇಕು. ನಿಜವಾಗಿ ನಡೆದದ್ದಾದರೆ ಕಂಡದ್ದು, ಊಹಿಸಿ ಬರೆದದ್ದಾದರೆ ಕಟ್ಟಿದ್ದು. ಎರಡಕ್ಕೂ ಮರ್ಯಾದೆ ಒಂದೇ ಎಂದು ಮೇಡಮ್ ಹೇಳುತ್ತಿದ್ದರು. ಆದರೆ 'ಕಂಡದ್ದು' ಎಂದಿದ್ದರೆ ಜನ ಒಂದು ಗಳಿಗೆ ಹೆಚ್ಚು ನಿಂತು ಓದುತ್ತಿದ್ದರು. ಅದು ನನಗೆ ಬೇಗ ಗೊತ್ತಾಯಿತು.

'ಧೂಳು' ಎಂಬ ಮಾತು ಬಂದ ದಿನ ನನ್ನ ಕೈ ತಡೆಯಲಿಲ್ಲ.

ಬೆಳಗ್ಗೆ ಒರೆಸಿದ ಗಾಜಿನ ಮೇಲೆ
ಮಧ್ಯಾಹ್ನಕ್ಕೆ ಒಂದು ಗುಡ್ಡ ಬಂದು ಕೂತಿರುತ್ತದೆ.
ಅರಿವೆ ಹಿಂಡಿದರೆ
ಬಕೀಟಿನ ತಳದಲ್ಲಿ ಮತ್ತೆ ಅದೇ ಗುಡ್ಡ.

ತಪ್ಪು ಅಕ್ಷರ ಬೇಕಾದಷ್ಟು ಇದ್ದವು. ಯಾರೂ ಅದರ ಸುದ್ದಿ ಎತ್ತಲಿಲ್ಲ. ಮಸ್ಕತ್ತಿನಲ್ಲಿ ಅಡುಗೆ ಕೆಲಸ ಮಾಡುವ ಒಬ್ಬರು, "ನಿಮ್ಮ ಗುಡ್ಡ ಇವತ್ತು ನನ್ನ ಜೊತೆ ಊಟಕ್ಕೆ ಕೂತಿತ್ತು" ಎಂದು ಬರೆದರು. ಆರನೇ ಕ್ಲಾಸು ಬಿಟ್ಟ ಮೇಲೆ ನಾನು ಬರೆದದ್ದನ್ನು ಯಾರಾದರೂ ಓದಿ ಮಾತಾಡಿದ್ದು ಅದೇ ಮೊದಲು. ಆ ದಿನ ಮನೆಗೆ ಹೇಗೆ ನಡೆದು ಬಂದೆನೋ ನೆನಪಿಲ್ಲ.

ಆಮೇಲೆ ದಿನಾ ಬರೆದೆ. ಕೈಯಲ್ಲಿ ಕೆಲಸ, ತಲೆಯಲ್ಲಿ ಆ ದಿನದ ಮಾತು. ಮೆಣಸಿನಕಾಯಿ ಬಿಡಿಸಿ ಉರಿಯುವ ಅಂಗೈಯನ್ನು ಅವ್ವ ಮಣ್ಣಿನ ಗಡಿಗೆಗೆ ಒತ್ತಿಕೊಂಡು ಕೂರುತ್ತಿದ್ದದ್ದನ್ನು ಬರೆದೆ. ಜೀನ್ಸಿನ ನೀಲಿ ಬಣ್ಣ ಗಂಡನ ತೊಡೆಗೆ ಇಳಿದು ಸ್ನಾನದ ನೀರು ನೀಲಿಯಾಗುವುದನ್ನು ಬರೆದೆ. ಆದರೆ ದಿನಾ ಒಂದೊಂದು ಮಾತಿಗೆ ಒಂದೊಂದು ಪದ್ಯ ಎಂದರೆ ಒಂದು ಸಣ್ಣ ಸಂಸಾರ ಎಷ್ಟು ದಿನ ತಡೆದೀತು? ಕಂಡದ್ದೆಲ್ಲ ಮುಗಿಯುತ್ತಾ ಬಂತು.

"ನಾಳಿ ನನ್ನ ಗೊರಕಿ ಮ್ಯಾಲ ಬರೀತಿ ಏನ?" ಎಂದು ಗಂಡ ಕೇಳಿದರು.

"ಬರದಾಗೈತಿ. ಮೊನ್ನಿ 'ಸದ್ದು' ಅಂತ ಬಂದಿತ್ತಲ್ಲ."

ತಮ್ಮ ಅಷ್ಟೊತ್ತಿಗೆ ಲಾರಿ ಹಿಡಿದಿದ್ದ. ಗಣಿಯಿಂದ ಬಳ್ಳಾರಿ ಸುತ್ತಲಿನ ಕಾರ್ಖಾನೆಗಳಿಗೆ ಅದಿರು ಹೊಡೆಯುವ ಹತ್ತು ಗಾಲಿಯ ಲಾರಿ. ಕೆಲಸ ಹೆಚ್ಚಾಗಿ ರಾತ್ರಿಯದ್ದು. ಕೈತುಂಬ ಸಂಬಳ, ಮೈಮೇಲೆ ಹೊಸ ಅಂಗಿ, ಕುರುಗೋಡಿನ ಮನೆಗೆ ಹೊಸ ತಗಡು. ಬಳಗದಲ್ಲಿ ಯಾವಾಗಲೋ ಅವನ ಸುದ್ದಿ ಬಂದಾಗ ಮೇಡಮ್ ಫೋನ್ ಮಾಡಿ, "ನಿಮ್ಮ ತಮ್ಮಗ ಹೆಣ್ಣು ನೋಡ್ತೀರೇನಮ್ಮಾ? ನಮ್ಮ ಓಣ್ಯಾಗ ಒಂದು ಹುಡುಗಿ ಐತಿ, ಚೊಲೋ ಹುಡುಗಿ" ಎಂದರು. ಹುಡುಗಿ ಸಿರುಗುಪ್ಪದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ತಂದೆ ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಹೋಗಿ ನೋಡಿ ಬಂದೆವು. ಇಬ್ಬರಿಗೂ ಹಿಡಿಸಿತು. ಕತ್ತಲಾಗುವ ಮೊದಲು ಹೊರಡೋಣ ಎಂದು ತಮ್ಮ ಅವಸರ ಮಾಡಿದ. ಡ್ಯೂಟಿ ಇರಬೇಕು ಎಂದುಕೊಂಡೆವು. ಮೇಡಮ್ ಮಾತಿನ ಮೇಲೆ ಹುಡುಗಿಯ ಕಡೆಯವರು ಒಪ್ಪಿದರು.

ನಿಶ್ಚಿತಾರ್ಥಕ್ಕೆ ಮುಂಚೆ ಒಂದು ಮಧ್ಯಾಹ್ನ ಕುರುಗೋಡಿಗೆ ಹೋಗಿದ್ದೆ. ತಮ್ಮ ಬಿಸಿಲಿನಿಂದ ಒಳಗೆ ಬಂದವನೇ ನಡುಮನೆಯಲ್ಲಿದ್ದ ನೀರಿನ ಕೊಡ ಎಡವಿ ಬಿದ್ದ.

"ಕಣ್ಣು ಎಲ್ಲಿಟ್ಟೀಯೋ ಮದುಮಗನೇ? ಸಿರುಗುಪ್ಪದಾಗ ಬಿಟ್ಟು ಬಂದೀಯೇನು?" ಎಂದೆ.

ಅವನು ನಗಲಿಲ್ಲ. ಒದ್ದೆಯಾದ ನೆಲದ ಮೇಲೆ ಹಾಗೇ ಕೂತ. ಅವ್ವ ಹೊಲಕ್ಕೆ ಹೋಗಿದ್ದಳು.

"ಅಕ್ಕಾ, ನನಗ ಇರುಳುಗುರುಡು ಐತಿ" ಎಂದ. "ಸಣ್ಣಂದಿನಿಂದ. ಹೊತ್ತು ಮುಳುಗಿದ್ರ ದೀಪ ಅಷ್ಟ ಕಾಣ್ತಾವು, ದೀಪದ ಆಚಿಗೆ ಏನೂ ಕಾಣಂಗಿಲ್ಲ."

"ಮತ್ತ ಲಾರಿ ಹೆಂಗ ಹೊಡೀತೀಯೋ?"

"ಮುಂದಿನ ಲಾರಿ ಬೆನ್ನಿಗೆ ಕೆಂಪು ದೀಪ ಇರ್ತಾವಲ್ಲ, ಅವನ್ನ ಹಿಡಕೊಂಡು ಹೋಗ್ತೀನಿ. ಸಾಲಿನಾಗ ಯಾವತ್ತೂ ಮೊದಲಿಗೆ ನಿಲ್ಲಂಗಿಲ್ಲ. ಅವ್ವಗ ಹೇಳಬ್ಯಾಡ. ಯಾರಿಗೂ ಹೇಳಬ್ಯಾಡ. ಮದಿವಿ ಆಗಲಿ, ಒಂದು ವರ್ಷ ದುಡದು ಬಿಟ್ಟುಬಿಡ್ತೀನಿ."

ಹೇಳುವುದಿಲ್ಲ ಎಂದು ಅವನ ತಲೆ ಮುಟ್ಟಿ ಆಣೆ ಮಾಡಿದೆ. ಲಂಗದ ಚುಂಗಿನ ನೆನಪಾಗಿ ಅಳು ಬಂತು. ಅವನೇ ನನಗೆ ಸಮಾಧಾನ ಹೇಳಿದ.

ಆ ವಾರ ಮೇಡಮ್ ಹಾಕಿದ ಮಾತು 'ದಾರಿ'. ಬೆಳಗ್ಗೆ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಹೇಗೆ ಬಂತೋ ಹಾಗೆ ಬರೆದೆ, ಒಂದು ಅಕ್ಷರವೂ ಅಳಿಸಲಿಲ್ಲ.

ನನ್ನ ತಮ್ಮ ರಾತ್ರಿ ದಾರಿ ಕಾಣದೆ ಲಾರಿ ನಡೆಸುತ್ತಾನೆ.
ಮುಂದಿನವನ ಬೆನ್ನಿಗೆ ಎರಡು ಕೆಂಪು ದೀಪ,
ಅಷ್ಟೇ ಅವನ ಊರು, ಅಷ್ಟೇ ಅವನ ರಸ್ತೆ.
ಅವು ನಿಂತರೆ ನಿಲ್ಲುತ್ತಾನೆ, ಹೊರಟರೆ ಹೊರಡುತ್ತಾನೆ.
ದೇವರೇ, ಮುಂದಿನವನಿಗೆ ದಾರಿ ತೋರಿಸು.

ಕೆಳಗೆ 'ಕಂಡದ್ದು' ಎಂದು ಹಾಕಿದೆ.

ಆಣೆ ಮರೆತಿದ್ದೆನೇ? ಮರೆತಿರಲಿಲ್ಲ. ಆದರೆ ಬಳಗದವರು ನನ್ನ ಪಾಲಿಗೆ ಕಂಪ್ಯೂಟರಿನ ಗಾಜಿನ ಆಚೆಗಿನ ಜನ. ಕುರುಗೋಡು, ಸಿರುಗುಪ್ಪ, ಬೀಗರು, ಲಾರಿ ಮಾಲೀಕರು ಎಲ್ಲ ಈಚೆ. ಈಚಿನದನ್ನು ಆಚೆ ಹೇಳಿದರೆ ಅದು ಯಾರಿಗೂ ಹೇಳಿದಂತೆ ಅಲ್ಲ ಎಂದು ಎಷ್ಟೋ ದಿನದಿಂದ ಅಂದುಕೊಂಡಿದ್ದೆ. ಹೆಣ್ಣು ಹುಡುಕಿಕೊಟ್ಟವರೇ ದಿನಾ ನನ್ನ ಪದ್ಯ ಓದುವವರು ಎಂಬುದು ಗೊತ್ತಿದ್ದೂ ತಲೆಗೆ ಹತ್ತಲಿಲ್ಲ. ಮಧ್ಯಾಹ್ನದೊಳಗೆ ಪದ್ಯದ ಕೆಳಗೆ ಅಷ್ಟು ಮಾತು ಬಂದವು, ಹಿಂದೆಂದೂ ಬಂದಿರಲಿಲ್ಲ. "ಕಂಡದ್ದಾದ್ದರಿಂದಲೇ ಇದಕ್ಕೆ ಈ ಬಲ" ಎಂದು ಒಬ್ಬರು ಬರೆದಿದ್ದರು. ಅದನ್ನು ಮತ್ತೆ ಮತ್ತೆ ಓದುತ್ತಿದ್ದಾಗ ಮೇಡಮ್ ಫೋನ್ ಬಂತು.

"ಅಮ್ಮಾ, ಪದ್ಯ ಓದಿದೆ. ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಕೆಳಗ 'ಕಂಡದ್ದು' ಅಂತ ಹಾಕೀರಲ್ಲ, ಅವಸರದಾಗ ಹಾಕಿದ್ರೇನು?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಕಟ್ಟಿದ್ದಾದ್ರ ಹೇಳ್ರಿ, ನಾನ ತಿದ್ತೀನಿ. ಯಾರೂ ಏನೂ ಅನ್ನಂಗಿಲ್ಲ."

ಅವರು ಏನು ಕೇಳುತ್ತಿದ್ದಾರೆಂದು ಆಗ ತಿಳಿಯಿತು. ಕಟ್ಟಿದ್ದು ಎಂದು ಒಂದು ಮಾತು ಹೇಳಿದ್ದರೆ ತಮ್ಮನ ಗುಟ್ಟು ಉಳಿಯುತ್ತಿತ್ತು. ನನ್ನ ಕಣ್ಣು ಪರದೆಯ ಮೇಲಿತ್ತು. ಕಂಡದ್ದಾದ್ದರಿಂದಲೇ ಇದಕ್ಕೆ ಈ ಬಲ.

"ಇಲ್ರಿ ಮೇಡಮ್. ಕಂಡದ್ದ" ಎಂದೆ.

ನಿಜ ಹೇಳಬೇಕೆಂದರೆ ನಾನು ಕಂಡಿರಲೂ ಇಲ್ಲ, ಅವನ ಬಾಯಿಂದ ಕೇಳಿದ್ದೆ ಅಷ್ಟೆ. ರಸ್ತೆಯಲ್ಲಿ ಅವನ ಲಾರಿಗೆ ಎದುರು ಬರಬಹುದಾದ ಸೈಕಲ್ಲಿನವರು, ನಡೆದು ಹೋಗುವವರು ಯಾರಾದರೂ ಆಗ ನನ್ನ ನೆನಪಿಗೆ ಬಂದಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲ. ಯಾರೂ ಬರಲಿಲ್ಲ. ತಮ್ಮನೂ ಬರಲಿಲ್ಲ. ಆ ಒಂದು ಸಾಲಿನ ಹೊಗಳಿಕೆ ಕೈತಪ್ಪಬಾರದು ಎಂಬುದಷ್ಟೇ ಇತ್ತು.

ಮೇಡಮ್, "ಹಂಗಾದ್ರ ನಾನು ಆ ಮನಿಯವರಿಗೆ ಹೇಳಬೇಕಾಗ್ತೈತಿ. ನನ್ನ ಮಾತಿನ ಮ್ಯಾಲ ಅವರು ಹುಡುಗಿ ಕೊಡಾಕ ಒಪ್ಯಾರ" ಎಂದರು. ಆಗಲೂ ಮಾತು ಬದಲಿಸಬಹುದಿತ್ತು. ಬದಲಿಸಲಿಲ್ಲ.

ಹುಡುಗಿಯ ಸೋದರಮಾವನ ಲಾರಿಯೂ ತಮ್ಮ ಕೆಲಸ ಮಾಡುವ ಯಾರ್ಡಿನಲ್ಲೇ ನಿಲ್ಲುತ್ತಿತ್ತು. ಸುದ್ದಿ ಅಲ್ಲಿಗೆ ಹೋಗಲು ಎಷ್ಟು ಹೊತ್ತು? ಮಾಲೀಕ ತೆಲುಗಿನವನು. "ವದ್ದು ಬಾಬೂ, ತಾಳಂ ಇಕ್ಕಡ ಪೆಟ್ಟು" ಎಂದನಂತೆ. ಬೇಡಪ್ಪಾ, ಕೀಲಿಕೈ ಇಲ್ಲಿಟ್ಟು ಹೋಗು. ಕೆಲಸವೂ ಹೋಯಿತು, ಹೆಣ್ಣೂ ಹೋಯಿತು.

ತಮ್ಮ ನೇರ ಅಂಗಡಿಗೆ ಬಂದ. ಉಳಿದ ಲಾರಿಯವರ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ, "ಒಂದು ಪ್ರತಿ ಬೇಕಿತ್ರಿ" ಎಂದ. ನನಗೆ ರೀ ಎಂದ.

"ಯಾವುದರದ್ದೋ?"

"ನೀವು ಬರದ ಪದ್ಯದ್ರಿ. ಎಲ್ಲಾರೂ ಓದ್ಯಾರ, ನಾನೂ ಓದಬೇಕಲ್ಲ."

ತೆಗೆದುಕೊಟ್ಟೆ. ಅಲ್ಲೇ ನಿಂತು ತುಟಿ ಆಡಿಸುತ್ತಾ ಓದಿದ. ಹಿಂದೆ ನಿಂತವರು, "ಲಗೂನ ಸರೀಪಾ" ಎಂದರು. ಓದಿ ಮುಗಿಸಿ ಕಾಗದವನ್ನು ಕೌಂಟರಿನ ಮೇಲಿಟ್ಟು, "ಚೊಲೋ ಐತಿ" ಎಂದ. "ನಿಜವಾಗ್ಲೂ ಚೊಲೋ ಐತಿ." ಹೊರಟುಹೋದ. ಅದಾದ ಮೇಲೆ ತಿಂಗಳುಗಟ್ಟಲೆ ನನ್ನ ಜೊತೆ ಮಾತಿಲ್ಲ. ನಾನು ಕುರುಗೋಡಿಗೆ ಹೋದರೆ ಅವನು ಕಟ್ಟೆಗೆ ಹೋಗಿ ಕೂರುತ್ತಿದ್ದ.

ನಾನು ಬರೆಯುವುದು ಬಿಟ್ಟೆ. ಬಳಗದಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಮಸ್ಕತ್ತಿನವರು ನಾಲ್ಕು ದಿನಕ್ಕೊಮ್ಮೆ, "ಬಳ್ಳಾರಿ ಅಕ್ಕ ಆರಾಮಿದ್ದಾರಾ?" ಎಂದು ಕೇಳುತ್ತಿದ್ದರು. ಮೇಡಮ್ ತಾವಾಗಿಯೇ ಫೋನ್ ಮಾಡಿದರು. ಬಳಗದಲ್ಲಿ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವವರೊಬ್ಬರಿದ್ದರು. ಅವರಿಗೆ ಹೇಳಿ ತಮ್ಮನಿಗೆ ದಿನ ಗೊತ್ತುಮಾಡಿದ್ದರು. ನನ್ನ ಜೊತೆ ಅವನು ಬರುವುದಿಲ್ಲವೆಂದು ಗಂಡ ಕರೆದುಕೊಂಡು ಹೋದರು. ಇದು ವಾಸಿಯಾಗುವಂಥದ್ದಲ್ಲ, ಆದರೆ ಹಗಲಿನ ನೋಟ ಚೆನ್ನಾಗಿದೆ, ವರ್ಷ ವರ್ಷ ತೋರಿಸುತ್ತಿರಬೇಕು, ಹೊತ್ತು ಮುಳುಗಿದ ಮೇಲೆ ಗಾಡಿ ಮುಟ್ಟಲೇಬಾರದು ಎಂದು ಡಾಕ್ಟರು ಹೇಳಿದರು.

ಆಮೇಲೊಂದು ದಿನ ನಾನು ಕುರುಗೋಡಿನಲ್ಲಿದ್ದಾಗ ಮೇಡಮ್, ಆ ಹುಡುಗಿ ಮತ್ತು ಅವಳ ತಂದೆ ಬಸ್ಸಿಳಿದು ಮನೆಗೆ ಬಂದರು. ಹುಡುಗಿಯೇ ಹಟ ಮಾಡಿ ಕರೆತಂದಿದ್ದಳು. ನಾನು ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಮಾತೆಲ್ಲ ಕೇಳುತ್ತಿತ್ತು.

"ನನಗ ಯಾಕ ಮುಚ್ಚಿಟ್ರಿ?" ಎಂದಳು ಹುಡುಗಿ.

"ಹೇಳಿದ್ರ ನೀವು ಒಪ್ತಿರಲಿಲ್ಲ" ಎಂದ ತಮ್ಮ.

"ನಾ ಒಪ್ತಿದ್ದೆನೋ ಇಲ್ಲೋ ನಿಮಗ ಹೆಂಗ ಗೊತ್ತು? ಕೇಳಿದ್ರೇನು? ಈಗ ನಾ ಕುಂತದ್ದು ಕಾಣ್ತೈತೇನು?"

"ಕಾಣ್ತೈತ್ರಿ."

"ಸೀರಿ ಯಾವ ಬಣ್ಣ?"

"ಹಸರು. ಅಂಚು... ಅರಿಷಿಣದ್ದು."

"ಅಪ್ಪಾ, ನಿನಗಿಂತ ಚೊಲೋ ಕಾಣ್ತೈತಿ ಇವರಿಗೆ" ಎಂದಳು. "ನಮ್ಮ ಓಣ್ಯಾಗ ಲಾರಿಯವರನ್ನ ಮಾಡಿಕೊಂಡೋರು ಗಂಡನ ಮುಖ ಹಬ್ಬಕ್ಕೊಮ್ಮಿ ನೋಡ್ತಾರ. ದೀಪ ಹಚ್ಚೋದ್ರಾಗ ಮನಿಗೆ ಬರಲೇಬೇಕಾದ ಗಂಡ ಈ ಜಿಲ್ಲಾದಾಗ ಮತ್ಯಾರಿಗೆ ಸಿಗ್ತಾನ?"

ಮೊದಲು ನಕ್ಕದ್ದು ಅವಳ ತಂದೆಯೇ. ಅವ್ವ ಒಳಗೆ ಬಂದು, "ಬರೇ ಅತ್ಕೊಂತ ನಿಂತೀಯಲ್ಲ, ಚಾಕ್ಕ ಇಡು" ಎಂದು ನನ್ನ ಬೆನ್ನಿಗೆ ಹೊಡೆದಳು.

ಮದುವೆಯಾಯಿತು. ಮಾವ ಕೆಲಸ ಮಾಡುವ ಮಿಲ್ಲಿನಲ್ಲೇ ತಮ್ಮನಿಗೆ ಹಗಲಿನ ಕೆಲಸ ಸಿಕ್ಕಿತು, ಹಚ್ಚೊಳ್ಳಿ ಕಡೆಯ ಹೊಲಗಳಿಂದ ಟ್ರ್ಯಾಕ್ಟರಿನಲ್ಲಿ ಭತ್ತ ತರುವುದು. ನನ್ನ ಜೊತೆ ಮಾತು ಶುರುವಾಯಿತು, ಅಳತೆಯ ಮಾತು. ಅದೇ ವರ್ಷ ಅವನು ಮೊದಲು ಓಡಿಸುತ್ತಿದ್ದ ಲಾರಿ ಸಾಲಿನಲ್ಲಿ ಮುಂದಿನ ಲಾರಿಗೆ ಗುದ್ದಿ ಮುಂಭಾಗ ನುಜ್ಜುಗುಜ್ಜಾಯಿತು. ಓಡಿಸುತ್ತಿದ್ದವನು ಕಾಲು ಕಳೆದುಕೊಂಡ. ಕಣ್ಣು ನೆಟ್ಟಗಿದ್ದವನಿಗೇ ಹೀಗಾದರೆ ನಮ್ಮವನ ಗತಿ ಏನಾಗುತ್ತಿತ್ತು ಎಂದು ಜನ ಮಾತಾಡಿಕೊಂಡರು. ಆಗ ಶುರುವಾಯಿತು ಈಕಿ ಇರಲಿಲ್ಲಂದ್ರ ಎಂಬ ಮಾತು. ಅಕ್ಕ ಆಣೆ ಮುರಿದು, ತಮ್ಮನ ಸಿಟ್ಟು ಕಟ್ಟಿಕೊಂಡು, ಜೀವ ಉಳಿಸಿದಳು. ತಮ್ಮನೂ ಅದನ್ನು ನಂಬಿದ. ಒಂದು ದಿನ ಫೋನಿನಲ್ಲಿ, "ಅಕ್ಕಾ, ನಿನ್ನ ಮ್ಯಾಲ ಸುಮ್ಮನ ಸಿಟ್ಟಾಗಿದ್ದೆ" ಎಂದು ಅತ್ತ. ಆ ಅಳು ಕೇಳಿ ನನಗೆ ಇರಲಾಗಲಿಲ್ಲ. ಹೇಳಿದರೆ ಈಗಷ್ಟೇ ತಿರುಗಿ ಬಂದವನನ್ನು ಮತ್ತೆ ಕಳೆದುಕೊಳ್ಳಬಹುದಿತ್ತು. ಹೇಳದಿದ್ದರೆ ಅವನು ಮಾತಾಡುತ್ತಿದ್ದದ್ದು ಬೇರೆ ಯಾರೋ ಅಕ್ಕನ ಜೊತೆ.

ಸಿರುಗುಪ್ಪದ ಬಸ್ಸು ಹತ್ತಿದೆ. ಮಿಲ್ಲಿನ ಅಂಗಳದಲ್ಲಿ ಟ್ರ್ಯಾಕ್ಟರಿಗೆ ಗ್ರೀಸ್ ಹಾಕುತ್ತಿದ್ದ. ಅಲ್ಲೇ ನಿಂತು ಎಲ್ಲ ಹೇಳಿದೆ. ಮೇಡಮ್ ಕೇಳಿದ್ದು, ಕಟ್ಟಿದ್ದು ಎನ್ನುವ ಅವಕಾಶ ಕೊಟ್ಟದ್ದು, ನಾನು ಯಾರ ಜೀವವನ್ನೂ ನೆನೆಯದೆ ಹೊಗಳಿಕೆಗೋಸ್ಕರ ಕಂಡದ್ದು ಎಂದದ್ದು.

ಅವನು ಕೈ ಒರೆಸಿಕೊಳ್ಳುತ್ತಲೇ ಇದ್ದ.

"ಇದನ್ನ ನನಗ ಯಾಕ ಹೇಳ್ದಿ?" ಎಂದ ಕೊನೆಗೆ. "ನಿನ್ನ ಬಗ್ಗೆ ಚೊಲೋ ತಿಳಕೊಂಡು ಆರಾಮಿದ್ದೆ ನಾ."

"ಅದಕ್ಕ ಹೇಳ್ದೆ."

"ಸುಮ್ಮನಿರಾಕ ಬರಂಗೇ ಇಲ್ಲಲ್ಲ ನಿನಗ. ಆಗ್ಲೂ ಬರಲಿಲ್ಲ, ಈಗ್ಲೂ ಬರಲಿಲ್ಲ."

ಅವನು ಟ್ರ್ಯಾಕ್ಟರ್ ಹತ್ತಿ ಹೊರಟುಬಿಟ್ಟ. ಬಸ್‌ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕೂತಿದ್ದೆ. ಬಳ್ಳಾರಿಯ ಬಸ್ಸು ಒಂದು ಹೋಯಿತು, ಹತ್ತಲಿಲ್ಲ. ಎರಡನೆಯದು ಬರುವ ಹೊತ್ತಿಗೆ ತಮ್ಮನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. "ನಿಮ್ಮ ತಮ್ಮ ಹೇಳಿ ಕಳಿಸ್ಯಾರ. ಉಂಡು ಹೋಗಬೇಕಂತ. ಮತ್ತ ಒಂದು ಮಾತು. ಬರಿಯಾಕ ಮತ್ತ ಶುರು ಮಾಡಬೇಕಂತ, ಆದ್ರ ನಮ್ಮ ಬಗ್ಗೆ ಬರದದ್ದನ್ನ ಮೊದಲು ಅವರಿಗೆ ಓದಿ ತೋರಿಸಬೇಕಂತ."

"ಅವನ ಅಂದ್ನೇನು?"

"ಅವರ ಅಂದ್ರು. ಮಾರಿ ದಪ್ಪ ಮಾಡ್ಕೊಂಡು ಅಂದ್ರು, ಆದ್ರೂ ಅಂದ್ರು."

ಮರುವಾರ ಬಳಗಕ್ಕೆ ಮರಳಿದೆ. ಆ ದಿನದ ಮಾತು 'ಅಂಗಳ'. ಪದ್ಯ ಹಾಕುವ ಮೊದಲು ಸಿರುಗುಪ್ಪಕ್ಕೆ ಫೋನ್ ಮಾಡಿ ಓದಿದೆ. ತಮ್ಮ ಬಹಳ ಕಟ್ಟುನಿಟ್ಟಿನ ಕೇಳುಗ. "ಅವ್ವ ಹಂಗ ಅನ್ನಂಗಿಲ್ಲ, ತಿದ್ದು" ಎನ್ನುತ್ತಾನೆ. "ಇದು ನೀ ಕಂಡಿಲ್ಲ, ಕಟ್ಟಿದ್ದು ಅಂತ ಹಾಕು" ಎನ್ನುತ್ತಾನೆ. ಹಾಕುತ್ತೇನೆ. ಕಟ್ಟಿದ್ದು ಎಂದು ಹಾಕಿದ ಪದ್ಯಗಳನ್ನೂ ಈಗ ಜನ ನಿಂತು ಓದುತ್ತಾರೆ.

ಗಣಿ ನಿಂತು, ಅಂಗಡಿಯ ಮುಂದಿನ ಸಾಲು ಕರಗಿ ವರ್ಷಗಳಾದವು. ಬಳಗ ಕಂಪ್ಯೂಟರಿನಿಂದ ಮೊಬೈಲಿಗೆ ಬಂದಿದೆ. ಈ ಬರಹವನ್ನೂ ಮೊನ್ನೆ ತಮ್ಮನಿಗೆ ಫೋನಿನಲ್ಲಿ ಓದಿದೆ. ಪೂರ್ತಿ ಓದಲು ಎರಡು ಸಲ ಕೂರಬೇಕಾಯಿತು, ನಡುವೆ ಅವನ ಮಗಳು ಫೋನ್ ಕಸಿದುಕೊಂಡಳು. ಜನ ನನ್ನನ್ನು ಹೊಗಳುವುದು ಇದರಿಂದ ನಿಲ್ಲುತ್ತದೆ, ನಿನಗೆ ಪರವಾಗಿಲ್ಲವೇ ಎಂದು ಕೇಳಿದೆ. "ಅದು ನಿನ್ನ ಕೆಲಸ, ನನ್ನ ಯಾಕ ಕೇಳ್ತಿ" ಎಂದ. ಒಂದು ಕಡೆ ಮಾತ್ರ ತಡೆದ. ಅಲ್ಲಿ ನಾಲ್ಕು ಸಾಲಿದ್ದವು, ನನಗೆ ಬಹಳ ಇಷ್ಟವಾಗಿದ್ದವು, ಓದಿದವರು ಹೊಗಳುತ್ತಿದ್ದರೂ ಹೊಗಳುತ್ತಿದ್ದರು.

"ಅದು ಬ್ಯಾಡಕ್ಕಾ. ಅದು ನಮ್ಮಿಬ್ಬರ ಹತ್ರ ಇರಲಿ" ಎಂದ.

ಅವನು ಫೋನ್ ಹಿಡಿದಿರುವಾಗಲೇ ಅಳಿಸಿದೆ. ಅಳಿಸಿದೆ ಎಂದು ಹೇಳಿದೆ.

"ಹ್ಞೂಂ" ಎಂದ. "ಮುಂದ ಓದು."